ಅಮ್ಮನಿಗೆ ಯಾವ ಆಶ್ರಮ: ಊರ ಹತ್ತಿರದ್ದೋ, ದುಡ್ಡು ಕಟ್ಟುವುದೋ, ಬೆಂಗಳೂರಿನದೋ?

ಮಕ್ಕಳು ಬೆಂಗಳೂರಿನಲ್ಲಿ, ಅಮ್ಮ ಗೌರಿಬಿದನೂರಿನಲ್ಲಿ. ಅಥವಾ ಮಗ ಪೀಣ್ಯದಲ್ಲಿ, ಅಪ್ಪ ಶಿರಾದಲ್ಲಿ. ಬಿದ್ದು ಸೊಂಟ ಮುರಿದುಕೊಂಡ ಮೇಲೋ, ಗ್ಯಾಸ್ ಆರಿಸುವುದನ್ನು ಮರೆಯಲು ಶುರುವಾದ ಮೇಲೋ ಮನೆಯವರ ಮುಂದೆ ನಾಲ್ಕು ದಾರಿ ಬರುತ್ತವೆ: ಮಠ ಇಲ್ಲವೇ ಟ್ರಸ್ಟು ನಡೆಸುವ ಉಚಿತ ಆಶ್ರಮ, ಜಿಲ್ಲಾ ಕೇಂದ್ರದಲ್ಲಿ ತಿಂಗಳಿಗಿಷ್ಟು ಎಂದು ಕಟ್ಟುವ ವೃದ್ಧಾಶ್ರಮ, ಬೆಂಗಳೂರಿನ ಅಂಚಿನಲ್ಲಿರುವ ನರ್ಸ್ ಸಹಿತದ ಆರೈಕೆ ಕೇಂದ್ರ, ಇಲ್ಲವೇ ಮನೆಯಲ್ಲೇ ಒಬ್ಬ ಆಯಾ.

ಬಹಳ ಜನ ಆರಿಸುವುದು ಕಟ್ಟಡ ನೋಡಿ. ಮುಂದೆ ಹೂದೋಟ, ಒಳಗೆ ಗ್ರಾನೈಟ್ ನೆಲ, ದೇವರ ಮನೆ, ದೊಡ್ಡ ಟಿವಿ. ಒದ್ದೆಯಾದ ಗ್ರಾನೈಟ್ ನೆಲದ ಮೇಲೆ ಎಂಬತ್ತು ದಾಟಿದವರು ನಡೆದರೆ ಏನಾಗುತ್ತದೆ ಎಂದು ಯೋಚಿಸಿ, ಆಮೇಲೆ ಮೆಚ್ಚಿ. ಆಶ್ರಮದ ಗುಣ ತಿಳಿಯಬೇಕಾದರೆ ಅಲ್ಲಿರುವವರಲ್ಲಿ ಯಾರು ತೀರಾ ನಿಶ್ಶಕ್ತರೋ ಅವರ ಹಾಸಿಗೆಯ ಹತ್ತಿರ ಹೋಗಿ ನಿಲ್ಲಬೇಕು. ಓಡಾಡಿಕೊಂಡಿರುವವರು ಎಲ್ಲಿದ್ದರೂ ತಮ್ಮ ಕೆಲಸ ತಾವು ಮಾಡಿಕೊಳ್ಳುತ್ತಾರೆ. ಮಗ್ಗುಲು ಬದಲಿಸಲೂ ಆಗದವರಿಗೆ ಪ್ರತಿಯೊಂದನ್ನೂ ಯಾರೋ ಮಾಡಬೇಕು. ನಿಮ್ಮ ಅಮ್ಮ ಇವತ್ತು ನಡೆದಾಡುತ್ತಿದ್ದರೂ ಆ ಕೋಣೆಯನ್ನೇ ತೋರಿಸಿ ಎನ್ನಿ. ತೋರಿಸಲು ಹಿಂದೆ ಮುಂದೆ ನೋಡುವ ಜಾಗದಲ್ಲಿ ಮುಂದಿನ ಮಾತು ಬೇಡ.

ಮೊದಲು ಅವರ ಸ್ಥಿತಿ

ಆಶ್ರಮ ಹುಡುಕುವ ಮುಂಚೆ ಒಂದು ಹಾಳೆಯಲ್ಲಿ ಆರು ಕೆಲಸ ಬರೆಯಿರಿ: ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಕಕ್ಕಸಿಗೆ ಹೋಗಿ ಬರುವುದು, ಹಾಸಿಗೆಯಿಂದೆದ್ದು ಕುರ್ಚಿಗೆ ಬರುವುದು, ಮಲಮೂತ್ರದ ಹಿಡಿತ, ತಟ್ಟೆ ಮುಂದಿಟ್ಟರೆ ತಾವೇ ಉಣ್ಣುವುದು. ಪ್ರತಿಯೊಂದರ ಮುಂದೆ 'ತಾವೇ', 'ಕೈ ಹಿಡಿಯಬೇಕು', 'ಪೂರ್ತಿ ನಾವೇ' ಎಂದು ಗುರುತಿಸಿ. ಕೆಳಗೆ ಇನ್ನೂ ಮೂರು ಸಾಲು: ಮರೆವು ಎಷ್ಟಿದೆ, ಎದ್ದು ಎಲ್ಲಿಗಾದರೂ ಹೊರಟುಬಿಡುವ ಅಭ್ಯಾಸ ಇದೆಯೇ, ಇನ್ಸುಲಿನ್, ಮೂತ್ರದ ಪೈಪು, ಮೂಗಿನ ನಳಿಗೆ, ಆಕ್ಸಿಜನ್ ಇವುಗಳಲ್ಲಿ ಏನಾದರೂ ಇದೆಯೇ.

ಆರೂ 'ತಾವೇ' ಆಗಿದ್ದರೆ ನಾಲ್ಕು ದಾರಿಯೂ ತೆರೆದಿರುತ್ತವೆ. ಎರಡು ಮೂರರಲ್ಲಿ ಕೈ ಹಿಡಿಯಬೇಕಾದರೆ ಉಚಿತ ಆಶ್ರಮಗಳಲ್ಲಿ ಹೆಚ್ಚಿನವು ಬಿಟ್ಟುಹೋಗುತ್ತವೆ. ಹಾಸಿಗೆಯಿಂದ ಏಳುವುದಕ್ಕೂ ಕಕ್ಕಸಿಗೂ ಪೂರ್ತಿ ಇನ್ನೊಬ್ಬರೇ ಬೇಕು ಎಂದಾದರೆ ನರ್ಸ್ ಇರುವ ಜಾಗ ಅಥವಾ ಮನೆ, ಇವೆರಡೇ ಉಳಿಯುತ್ತವೆ. ಈ ಹಾಳೆಯನ್ನು ಆಶ್ರಮದವರಿಗೆ ಇದ್ದದ್ದು ಇದ್ದಂತೆ ತೋರಿಸಿ. ಸೀಟು ಸಿಗಲಿ ಎಂದು 'ಸ್ವಲ್ಪ ಮರೆವು ಅಷ್ಟೆ' ಎಂದು ಹೇಳಿ ಸೇರಿಸಿದವರಿಗೆ ಹದಿನೈದೇ ದಿನಕ್ಕೆ 'ಬಂದು ಕರಕೊಂಡು ಹೋಗಿ' ಎಂದು ಫೋನ್ ಬರುತ್ತದೆ. ಆಗ ಕಟ್ಟಿದ ದುಡ್ಡೂ ಹೋಗಿರುತ್ತದೆ, ಬೇರೆ ಜಾಗ ಹುಡುಕಲು ಸಮಯವೂ ಇರುವುದಿಲ್ಲ.

ರಾತ್ರಿ ಎಷ್ಟು ಜನ ಇರುತ್ತಾರೆ?

ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು. 'ನಮ್ಮಲ್ಲಿ 24 ಗಂಟೆ ಆರೈಕೆ' ಎಂಬ ಬೋರ್ಡು ಎಲ್ಲ ಕಡೆ ಇರುತ್ತದೆ. ಲೆಕ್ಕ ಹಾಕಿ ನೋಡಿ: 12 ಗಂಟೆಯ ಪಾಳಿಯಾದರೆ ವಾರಕ್ಕೆ 14 ಪಾಳಿ. ಒಬ್ಬರು ವಾರಕ್ಕೊಂದು ರಜೆ ಬಿಟ್ಟು 6 ಪಾಳಿ ಮಾಡಬಲ್ಲರು. ಹಗಲೂ ರಾತ್ರಿ ಇಬ್ಬರು ಇರಬೇಕೆಂದರೆ 28 ಪಾಳಿ, ಅಂದರೆ ಕನಿಷ್ಠ 5 ಜನ ಸಂಬಳದ ಆಯಾಗಳು ಇರಲೇಬೇಕು. ಹಾಜರಿ ಪುಸ್ತಕದಲ್ಲಿ ಮೂರೇ ಹೆಸರಿದ್ದರೆ ರಾತ್ರಿ ಒಬ್ಬರೇ ಇರುತ್ತಾರೆ, ಅವರೂ ಹಗಲೆಲ್ಲ ದುಡಿದು ಮಲಗಿರುತ್ತಾರೆ.

ಒಬ್ಬರೇ ಇದ್ದರೆ ಏನಾಗುತ್ತದೆ? ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಹೊರಳಿಸಬೇಕು. ಹೊರಳಿಸಿ, ಒದ್ದೆ ನೋಡಿ, ಡೈಪರ್ ಬದಲಿಸಿ, ಬೆನ್ನು ಒರೆಸಲು ಒಬ್ಬರಿಗೆ ಹತ್ತು ನಿಮಿಷ ಬೇಕು. ಅಂಥ ಹತ್ತು ಜನರಿದ್ದರೆ ಒಂದು ಸುತ್ತಿಗೇ 100 ನಿಮಿಷ. ಮುಗಿಯುವಷ್ಟರಲ್ಲಿ ಮುಂದಿನ ಸುತ್ತು ಶುರು. ಅದೂ ಅಲ್ಲದೆ 60 ಕಿಲೋ ತೂಕದವರನ್ನು ಒಬ್ಬರೇ ಎತ್ತಿ ಹೊರಳಿಸಲಾಗದು. ಎಳೆಯುತ್ತಾರೆ, ಎಳೆದರೆ ಚರ್ಮ ಕಿತ್ತುಬರುತ್ತದೆ. ಹಾಗಾಗಿ ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಯಾರನ್ನೂ ಮುಟ್ಟುವುದಿಲ್ಲ. ಬೆಳಿಗ್ಗೆ ಹಾಸಿಗೆಯೆಲ್ಲ ಒದ್ದೆ, ಸೊಂಟದ ಕೆಳಗೆ ಕೆಂಪು.

ನಮ್ಮ ಅಂದಾಜು ಹೀಗಿದೆ: ಓಡಾಡುವವರಿಗೆ ಹಗಲು ಎಂಟು ಹತ್ತು ಜನಕ್ಕೆ ಒಬ್ಬ ಆಯಾ ಸಾಕು. ಹಾಸಿಗೆ ಹಿಡಿದವರಿಗೆ ಹಗಲು ಮೂರು ನಾಲ್ಕು ಜನಕ್ಕೊಬ್ಬರು, ರಾತ್ರಿ ಆರು ಜನಕ್ಕೊಬ್ಬರು ಬೇಕು. ಎಷ್ಟೇ ಚಿಕ್ಕ ಆಶ್ರಮವಾದರೂ ರಾತ್ರಿ ಇಬ್ಬರಿಗಿಂತ ಕಡಿಮೆ ಇರಬಾರದು.

ಚರ್ಮ, ತಟ್ಟೆ, ಮಾತ್ರೆ

ಹಾಸಿಗೆ ಹುಣ್ಣು ಏಳುವ ಜಾಗಗಳು ಗೊತ್ತಿರುವಂಥವೇ: ಬೆನ್ನಿನ ಬುಡದ ಮೂಳೆ, ಎರಡು ಪಕ್ಕದ ಸೊಂಟದ ಮೂಳೆ, ಹಿಮ್ಮಡಿ, ಭುಜದ ಹಿಂಭಾಗ. ಕೆಂಪಾದ ಕಡೆ ಬೆರಳಿಂದ ಒತ್ತಿ ಬಿಟ್ಟರೆ ಆರೋಗ್ಯದ ಚರ್ಮ ಒಮ್ಮೆ ಬಿಳಿಚಿ ಮತ್ತೆ ಕೆಂಪಾಗುತ್ತದೆ. ಒತ್ತಿದರೂ ಬಿಳಿಚದಿದ್ದರೆ ಹುಣ್ಣು ಶುರುವಾಗಿದೆ ಎಂದರ್ಥ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣುವುದಿಲ್ಲ; ಆ ಜಾಗ ಸುತ್ತಲಿಗಿಂತ ಬೆಚ್ಚಗೆ, ಗಟ್ಟಿಯಾಗಿ ಇಲ್ಲವೇ ಮೆತ್ತಗೆ ಸಿಗುತ್ತದೆ. ಏರ್‌ಬೆಡ್ (ಪಂಪಿನಿಂದ ಗಾಳಿ ತುಂಬುವ ಹಾಸಿಗೆ) ತೋರಿಸಿ 'ನಮ್ಮಲ್ಲಿ ಹುಣ್ಣಾಗಲ್ಲ' ಎಂದರೆ ಅದರ ಪಂಪಿನ ಮೇಲೆ ಕೈಯಿಟ್ಟು ನೋಡಿ, ಓಡುತ್ತಿದೆಯೇ? ಕರೆಂಟು ಹೋದರೆ ಬ್ಯಾಟರಿ ಇದೆಯೇ? ಏರ್‌ಬೆಡ್ ಇದ್ದರೂ ಹೊರಳಿಸುವ ಕೆಲಸ ತಪ್ಪುವುದಿಲ್ಲ. ಬೇರೆಯವರ ಮೈ ನೋಡುವ ಹಕ್ಕು ನಿಮಗಿಲ್ಲ, ಅದು ಸರಿಯೂ ಅಲ್ಲ. ಆದರೆ ಹೊರಳಿಸಿದ ಸಮಯ ಬರೆದ ಚಾರ್ಟು ಮಂಚಕ್ಕೆ ತೂಗುಹಾಕಿದೆಯೇ, ಈಗ ಎಷ್ಟು ಜನಕ್ಕೆ ಹುಣ್ಣಿದೆ, ಅದರಲ್ಲಿ ಇಲ್ಲಿಗೆ ಬಂದ ಮೇಲೆ ಎಷ್ಟು ಜನಕ್ಕಾಯಿತು ಎಂದು ಕೇಳಬಹುದು. 'ಒಬ್ಬರಿಗೂ ಇಲ್ಲ' ಎಂಬ ಉತ್ತರಕ್ಕಿಂತ 'ಇಬ್ಬರಿಗಿದೆ, ಆಸ್ಪತ್ರೆಯಿಂದಲೇ ಬಂದದ್ದು, ದಿನಾ ಡ್ರೆಸ್ಸಿಂಗ್ ಆಗ್ತಿದೆ' ಎಂಬ ಉತ್ತರ ನಂಬಬಹುದಾದದ್ದು.

ವಾಸನೆ ಇನ್ನೊಂದು ಸಾಕ್ಷಿ. ಒಂದು ಮಂಚದ ಹತ್ತಿರ ಮೂತ್ರದ ವಾಸನೆ ಬಂದರೆ ಆಗಷ್ಟೇ ಆದದ್ದಿರಬಹುದು. ಹಜಾರಕ್ಕೆ ಕಾಲಿಟ್ಟ ಕೂಡಲೇ ಬಂದರೆ ಅದು ದಿನಗಟ್ಟಲೆಯದು. ಎಲ್ಲೆಲ್ಲೂ ಫಿನಾಯಿಲ್ ಘಾಟು ಹೊಡೆಯುತ್ತಿದ್ದರೆ ಅದೂ ಒಳ್ಳೆಯ ಲಕ್ಷಣವಲ್ಲ.

ಊಟದ ಹೊತ್ತಿಗೇ ಹೋಗಿ. ಮಧ್ಯಾಹ್ನ ಹನ್ನೆರಡೂವರೆಗೆ ಒಮ್ಮೆ, ಇನ್ನೊಂದು ದಿನ ಸಂಜೆ ಏಳಕ್ಕೆ, ಹೇಳದೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ, ನಮ್ಮ ಈ ಮೂರು ಜಿಲ್ಲೆಯ ಹಿರಿಯರಿಗೆ ಮುದ್ದೆ ಇಲ್ಲದ ಊಟ ಊಟವೇ ಅಲ್ಲ. ಮೂರು ಹೊತ್ತೂ ಅನ್ನ ಹಾಕುವ ಕಡೆ ಸಕ್ಕರೆ ಕಾಯಿಲೆಯವರಿಗೂ ತೊಂದರೆ, ಬಾಯಿಗೂ ಬೇಸರ. ಆದರೆ ಲಕ್ವ ಹೊಡೆದವರಿಗೆ ಇದೇ ಮುದ್ದೆ ಅಪಾಯ. ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ನುಂಗುವ ಶಕ್ತಿ ಕುಂದಿದವರಿಗೆ ಅದು ಗಂಟಲಲ್ಲೇ ನಿಲ್ಲುತ್ತದೆ. ಅವರಿಗೆ ಗಟ್ಟಿ ಅಂಬಲಿ, ಕಿವುಚಿದ ಅನ್ನ-ಮಸೊಪ್ಪು ಬೇರೆಯೇ ಮಾಡುತ್ತಾರೆಯೇ? ತಿನ್ನಿಸುವಾಗ ಬೆನ್ನು ನೆಟ್ಟಗೆ ಕೂರಿಸಿ, ಚಿಕ್ಕ ಚಮಚದಲ್ಲಿ, ಹಿಂದಿನ ತುತ್ತು ಇಳಿದ ಮೇಲೆ ಮುಂದಿನದನ್ನು ಕೊಡಬೇಕು. ಮುಗಿದ ಮೇಲೂ ಅರ್ಧ ಗಂಟೆ ಕೂತೇ ಇರಬೇಕು. ಮಲಗಿಸಿಕೊಂಡು ಗಬಗಬನೆ ತುರುಕುವುದನ್ನು ಕಂಡರೆ ಅಲ್ಲಿಂದ ಹೊರಡಿ: ಅನ್ನ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಬರುವುದು ಹೀಗೆಯೇ.

ಸಂಜೆ ಆರಕ್ಕೆ ಊಟ ಬಡಿಸಿ ಅಡುಗೆಯವರು ಮನೆಗೆ ಹೋಗುವ ಆಶ್ರಮಗಳಿವೆ. ಬೆಳಗಿನ ತಿಂಡಿ ಒಂಬತ್ತಕ್ಕಾದರೆ ನಡುವೆ 15 ಗಂಟೆ ಹೊಟ್ಟೆ ಖಾಲಿ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಬೆಳಗಿನ ಜಾವ ಸಕ್ಕರೆ ಇಳಿದು ಬೆವರು, ನಡುಕ, ತಬ್ಬಿಬ್ಬು. ರಾತ್ರಿ ಮಲಗುವ ಮುಂಚೆ ಹಾಲು, ರಸ್ಕು ಏನಾದರೂ ಕೊಡುತ್ತಾರೆಯೇ ಕೇಳಿ. ಜೊತೆಗೆ ಆಯಾನನ್ನೇ ಪಕ್ಕಕ್ಕೆ ಕರೆದು ಕೇಳಿ: 'ಶುಗರ್ ಇಳಿದ್ರೆ ಏನು ಮಾಡ್ತೀರಮ್ಮಾ?' 70ಕ್ಕಿಂತ ಕೆಳಗಿದ್ದು ಎಚ್ಚರವಾಗಿದ್ದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕರಗಿಸಿ ಕುಡಿಸಿ ಹದಿನೈದು ನಿಮಿಷಕ್ಕೆ ಮತ್ತೆ ನೋಡಬೇಕು; ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಫೋನ್ ಮಾಡಬೇಕು. ಮ್ಯಾನೇಜರಿಗೆ ಇದು ಗೊತ್ತಿದ್ದರೆ ಸಾಲದು. ರಾತ್ರಿ ಇರುವುದು ಆಯಾ.

ತೂಕದ ಪುಸ್ತಕ ಕೇಳಿ. ತಿಂಗಳಿಗೊಮ್ಮೆ ತೂಕ ಬರೆಯುವ ಆಶ್ರಮ ಸಿಕ್ಕರೆ ಅದಕ್ಕೆ ಅರ್ಧ ಅಂಕ ಆಗಲೇ ಕೊಡಬಹುದು. ತಿಂಗಳಲ್ಲಿ ನೂರಕ್ಕೆ 5ರಷ್ಟು, ಆರು ತಿಂಗಳಲ್ಲಿ ನೂರಕ್ಕೆ 10ರಷ್ಟು ತೂಕ ಇಳಿದರೆ ವೈದ್ಯರಿಗೆ ತೋರಿಸಬೇಕು. 50 ಕಿಲೋ ಇದ್ದವರು ಒಂದೇ ತಿಂಗಳಲ್ಲಿ 47.5ಕ್ಕೆ ಬಂದರೆ ಸೀರೆ ಉಟ್ಟಿರುವಾಗ ಯಾರ ಕಣ್ಣಿಗೂ ಬೀಳುವುದಿಲ್ಲ, ತಕ್ಕಡಿಗೆ ಬೀಳುತ್ತದೆ.

ಮಾತ್ರೆಯ ಚಾರ್ಟಿನಲ್ಲಿ ಹೊತ್ತುಹೊತ್ತಿಗೆ ಕೊಟ್ಟವರ ಸಹಿ ಇರಬೇಕು. ಇಡೀ ವಾರದ ಟಿಕ್ಕು ಒಂದೇ ಪೆನ್ನಿನಲ್ಲಿ, ಒಂದೇ ಓಟದಲ್ಲಿ ಬಿದ್ದಿದ್ದರೆ ಅದು ನೀವು ಬರುತ್ತೀರೆಂದು ತುಂಬಿದ್ದು. ಬೆಳಿಗ್ಗೆ ಹನ್ನೊಂದಕ್ಕೆ ಹೋದಾಗ ಮುಕ್ಕಾಲು ಜನ ತೂಕಡಿಸುತ್ತಿದ್ದರೆ, ಯಾರಿಗೆಲ್ಲ ನಿದ್ದೆ ಮಾತ್ರೆ ಕೊಡುತ್ತೀರಿ, ಬರೆದುಕೊಟ್ಟ ವೈದ್ಯರು ಯಾರು ಎಂದು ನೇರವಾಗಿ ಕೇಳಿ. ಗಲಾಟೆ ಮಾಡುವವರನ್ನು ಸುಮ್ಮನಿರಿಸಲು ಮಾತ್ರೆ ಕೊಡುವ ಕಡೆ ಬೀಳುವವರೂ ಹೆಚ್ಚು.

ನೀರು, ಭಾಷೆ, ಆಸ್ಪತ್ರೆ

ಪಾವಗಡ, ಬಾಗೇಪಲ್ಲಿ ಮತ್ತು ಕೋಲಾರ ಜಿಲ್ಲೆಯ ಹಲವು ಕಡೆ ಕೊಳವೆಬಾವಿ ನೀರಲ್ಲಿ ಫ್ಲೋರೈಡ್ ಇರುವುದು ಹಳೆಯ ಸಂಗತಿ. ಲೀಟರಿಗೆ 1 ಮಿಲಿಗ್ರಾಂ ಒಪ್ಪಬಹುದಾದ ಮಿತಿ, ಬೇರೆ ನೀರೇ ಇಲ್ಲದಿದ್ದರೆ 1.5. ಅದು ಮೀರಿದರೆ ಮೊದಲೇ ಕೀಲು ಹಿಡಿದಿರುವವರಿಗೆ ಕೀಲು ಇನ್ನಷ್ಟು ಬಿಗಿಯಾಗುತ್ತದೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಕುಡಿಯಲು ಫಿಲ್ಟರ್ ನೀರು, ಸಾರಿಗೆ ಬೋರ್ ನೀರು ಎಂಬ ಅಭ್ಯಾಸವೂ ಇದೆ. ಅಡುಗೆಮನೆಯಲ್ಲಿ ಯಾವ ನಲ್ಲಿ ಎಂದು ಕೇಳಿ.

ಭಾಷೆಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮುಳಬಾಗಿಲು, ಶ್ರೀನಿವಾಸಪುರ, ಬಾಗೇಪಲ್ಲಿ, ಪಾವಗಡದ ಎಷ್ಟೋ ಮನೆಗಳಲ್ಲಿ ಮನೆಮಾತು ತೆಲುಗು. ಮರೆವಿನ ಕಾಯಿಲೆ ಹೆಚ್ಚಿದಂತೆ ಆಮೇಲೆ ಕಲಿತ ಭಾಷೆ ಮೊದಲು ಜಾರಿ, ಎಳವೆಯ ಮಾತೇ ಉಳಿಯುತ್ತದೆ. 'ದಾಹಂ' ಎಂದು ಕೇಳುವ ಅಜ್ಜಿಯ ಮಾತು ಅಲ್ಲಿರುವ ಆಯಾಗೆ ಅರ್ಥವಾಗದಿದ್ದರೆ ಆಕೆ ದಿನವಿಡೀ ಬಾಯಾರಿಕೊಂಡೇ ಇರುತ್ತಾಳೆ. ಬೆಂಗಳೂರಿನ ದೊಡ್ಡ ಕೇಂದ್ರಗಳ ಕೆಲಸದವರಲ್ಲಿ ದೂರದ ರಾಜ್ಯಗಳವರು ಹೆಚ್ಚು. ಒಳ್ಳೆಯ ಹುಡುಗಿಯರೇ, ಆದರೆ ಮಾತು ಸಾಗಬೇಕಲ್ಲ.

ಲಕ್ವ ಹೊಡೆದಾಗ ರಕ್ತದ ಗೆಡ್ಡೆ ಕರಗಿಸುವ ಚುಚ್ಚುಮದ್ದು ನಾಲ್ಕೂವರೆ ಗಂಟೆಯೊಳಗೆ ಸಿಗಬೇಕು, ಅದಕ್ಕೂ ಮೊದಲು ಸ್ಕ್ಯಾನ್ ಆಗಬೇಕು. ತುಮಕೂರು ನಗರ, ಕೋಲಾರದ ಟಮಕ, ಚಿಕ್ಕಬಳ್ಳಾಪುರ ಪಟ್ಟಣದ ಸುತ್ತ ಇರುವ ಆಶ್ರಮಗಳಿಗೆ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಹತ್ತಿರ. ಬೆಟ್ಟದ ಬುಡದಲ್ಲಿ ಪ್ರಶಾಂತವಾಗಿದೆ ಎಂದು ಆರಿಸಿದ ಜಾಗಕ್ಕೆ ರಾತ್ರಿ ಆಂಬುಲೆನ್ಸ್ ದಾರಿ ಹುಡುಕಿಕೊಂಡು ಬರಬೇಕು. ಆಸ್ಪತ್ರೆಗೆ ಸೇರಿಸಿದ ಮೇಲೆ ಹಾಸಿಗೆ ಪಕ್ಕದಲ್ಲಿ ಯಾರು ಕೂರುತ್ತಾರೆ ಎಂಬುದನ್ನೂ ಈಗಲೇ ಇತ್ಯರ್ಥ ಮಾಡಿಕೊಳ್ಳಿ. ಹೆಚ್ಚಿನ ಆಶ್ರಮಗಳು 'ಅಡ್ಮಿಟ್ ಮಾಡಿ ಬರ್ತೀವಿ, ಮುಂದಿನದು ನಿಮ್ಮದು' ಎನ್ನುತ್ತವೆ.

ನಾಲ್ಕು ದಾರಿಗಳ ತೂಕ

ಉಚಿತ ಆಶ್ರಮದ ದೊಡ್ಡ ಬಲ ಒಡನಾಟ. ಭಜನೆ, ಹಬ್ಬ, ಸೊಪ್ಪು ಬಿಡಿಸುವ ಕೆಲಸ, ಹೊತ್ತು ಹೋಗುತ್ತದೆ. ಓಡಾಡುವ, ಒಂಟಿತನವೇ ಮುಖ್ಯ ಕಾಯಿಲೆಯಾಗಿರುವವರಿಗೆ ದುಬಾರಿ ಕೇಂದ್ರಕ್ಕಿಂತ ಇದೇ ಚೆನ್ನ. ಹಾಸಿಗೆ ಹಿಡಿದರೆ ಮಾತ್ರ ಇಲ್ಲಿ ಆಗದು; 'ಆಗ ಮನೆಯವರನ್ನು ಕರೆಸ್ತೀವಿ' ಎಂದು ಬಾಯಿಬಿಟ್ಟು ಹೇಳುವವರು ಪ್ರಾಮಾಣಿಕರು. ಸರ್ಕಾರದ ಅನುದಾನದಲ್ಲಿ ಸಂಸ್ಥೆಗಳು ನಡೆಸುವ ವೃದ್ಧಾಶ್ರಮಗಳು ಇರುವುದು 60 ದಾಟಿದ, ದಿಕ್ಕಿಲ್ಲದ ಬಡವರಿಗಾಗಿ. ಅವುಗಳ ಮಾಹಿತಿ ಜಿಲ್ಲೆಯ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಕಚೇರಿಯಲ್ಲಿ, ಇಲ್ಲವೇ 14567 ಸಹಾಯವಾಣಿಯಲ್ಲಿ ಸಿಗುತ್ತದೆ. ಸಂಬಳದ ಮಕ್ಕಳಿದ್ದೂ ಅಲ್ಲಿ ಸೀಟಿಗೆ ವಶೀಲಿ ಹಚ್ಚುವುದು ಇನ್ನೊಬ್ಬರ ಜಾಗ ಕಿತ್ತುಕೊಂಡಂತೆ.

ಜಿಲ್ಲಾ ಕೇಂದ್ರದ ದುಡ್ಡಿನ ಆಶ್ರಮಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ಅಜಗಜಾಂತರ. ಹಲವು ನಡೆಯುವುದು ಬಾಡಿಗೆ ಮನೆಯಲ್ಲಿ, ಹತ್ತು ಹದಿನೈದು ಜನ. ಚಿಕ್ಕದಾಗಿರುವುದೇ ಲಾಭ: ಅಡುಗೆಯವಳಿಗೆ ಯಾರಿಗೆ ಖಾರ ಆಗದು ಎಂದು ಗೊತ್ತಿರುತ್ತದೆ, ಊಟ ಭಾಷೆ ನಮ್ಮದು, ಸಂತೆಗೆ ಬಂದ ನೆಂಟರು ಇಣುಕಿ ಹೋಗುತ್ತಾರೆ. 'ನರ್ಸ್ ಬರ್ತಾರೆ' ಎಂದರೆ ವಾರಕ್ಕೊಮ್ಮೆ ಬಂದು ಬಿ.ಪಿ. ನೋಡುವುದು ಎಂದು ತಿಳಿಯಿರಿ. ಲಿಫ್ಟ್ ಇಲ್ಲದ ಮೊದಲ ಮಹಡಿಯಾದರೆ ಬೇಡವೇ ಬೇಡ. ಕಕ್ಕಸಿನಲ್ಲಿ ಎರಡೂ ಕಡೆ ಹಿಡಿಗಂಬಿ, ಹೊರಗಿಂದಲೂ ತೆಗೆಯಬಹುದಾದ ಚಿಲಕ, ಮಂಚದಿಂದ ಅಲ್ಲಿವರೆಗೆ ರಾತ್ರಿ ದೀಪ, ಇಷ್ಟಿರಲಿ. ಎರಡು ಮೂರು ಕೆಲಸಕ್ಕೆ ಕೈ ಹಿಡಿಯಬೇಕಾದವರಿಗೆ ಇದು ಸರಿಹೊಂದುವ ಜಾಗ.

ಬೆಂಗಳೂರಿನ ಆರೈಕೆ ಕೇಂದ್ರ ಬೇಕಾಗುವುದು ಮೂಗಿನ ನಳಿಗೆ, ಮೂತ್ರದ ಪೈಪು, ಆಳವಾದ ಹುಣ್ಣು, ದಿನವೂ ಫಿಸಿಯೋಥೆರಪಿ ಬೇಕಾದಾಗ, ಅಥವಾ ಎದ್ದು ಹೊರಟುಬಿಡುವ ಮರೆವು ಇದ್ದಾಗ. ಖರ್ಚು ಹೆಚ್ಚು, ಬಿಲ್ಲಿನಲ್ಲಿ ಬಿಡಿಬಿಡಿ ಸೇರ್ಪಡೆಯೂ ಹೆಚ್ಚು. ನೋಡಲು ಬರುವವರು ಬೆಂಗಳೂರಿನಲ್ಲೇ ಇದ್ದರೆ ಅದು ದೊಡ್ಡ ಅನುಕೂಲ. ವಾರಕ್ಕೆರಡು ಸಲ ಹೇಳದೆ ಬರುವ ಮಗಳಿರುವ ಅಮ್ಮನ ಹಾಸಿಗೆ ಯಾವ ಆಶ್ರಮದಲ್ಲೂ ಒಣಗಿರುತ್ತದೆ. ತುಮಕೂರಿನ ಒಳ್ಳೆಯ ಆಶ್ರಮಕ್ಕೆ ಎರಡು ತಿಂಗಳಿಗೊಮ್ಮೆ ಹೋಗುವುದಕ್ಕಿಂತ ಯಲಹಂಕದ ಸಾಧಾರಣ ಜಾಗಕ್ಕೆ ವಾರಕ್ಕೊಮ್ಮೆ ಹೋಗುವುದು ಮೇಲು ಎಂಬುದು ನಮ್ಮ ಅಭಿಪ್ರಾಯ.

ಮನೆಯಲ್ಲೇ ಆಯಾ ಎಂದರೆ ಮನೆಯವರೊಬ್ಬರು ಜೊತೆಗಿರಬೇಕು. 24 ಗಂಟೆಯ ಆಯಾ ಎಂದರೂ ಆಕೆಗೂ ನಿದ್ದೆ ಬೇಕು, ತಿಂಗಳಿಗೆ ಎರಡು ದಿನ ಊರಿಗೆ ಹೋಗಬೇಕು, ಒಬ್ಬಳೇ ಎತ್ತಲಾರಳು. ಎತ್ತರ ಇಳಿಸುವ ಮಂಚ, ಏರ್‌ಬೆಡ್, ಕಮೋಡ್ ಕುರ್ಚಿ ಬಾಡಿಗೆಗೆ ಸಿಗುತ್ತವೆ, ಕೊಳ್ಳುವ ಆತುರ ಬೇಡ. ಹಾಸಿಗೆ ಹಿಡಿದಿದ್ದೂ ಬುದ್ಧಿ ಚುರುಕಾಗಿರುವವರಿಗೆ, ಸೊಸೆಯೋ ತಂಗಿಯೋ ಮನೆಯಲ್ಲಿದ್ದರೆ, ಇದಕ್ಕಿಂತ ಹಿತ ಬೇರೆ ಇಲ್ಲ. ಒಂಟಿ ಮನೆಯಲ್ಲಿ ಮರೆವಿನವರ ಜೊತೆ ಆಯಾ ಒಬ್ಬಳನ್ನೇ ಬಿಡುವುದು ಇಬ್ಬರಿಗೂ ಅನ್ಯಾಯ.

ದುಡ್ಡು ಮತ್ತು ಕಾಗದ

ಹೇಳುವ ದರ ಒಂದು, ಕಟ್ಟುವ ಮೊತ್ತ ಇನ್ನೊಂದು. ದಿನಕ್ಕೆ ನಾಲ್ಕು ಡೈಪರ್, ಒಂದಕ್ಕೆ 35 ರೂಪಾಯಿ ಹಿಡಿದರೂ ತಿಂಗಳಿಗೆ 4,200. ಮೇಲೆ ಮಾತ್ರೆ, ಕೈಗವಸು, ರಕ್ತ ಪರೀಕ್ಷೆ, ವೈದ್ಯರ ಭೇಟಿ, ಆಸ್ಪತ್ರೆಗೆ ಹೋದಾಗ ಜೊತೆಗಾರರ ದಿನಗೂಲಿ. ಎಲ್ಲ ಸೇರಿ 10,000 ದಾಟಬಾರದು ಎನ್ನುವವರು ಹಾಸಿಗೆ ಹಿಡಿದವರನ್ನು ದುಡ್ಡಿನ ಆಶ್ರಮದಲ್ಲಿ ಇಡಲು ಹೋಗಬೇಡಿ. ಆ ಮೊತ್ತಕ್ಕೆ ಒಪ್ಪುವವರು ಜನ ಕಡಿಮೆ ಇಟ್ಟೇ ಲೆಕ್ಕ ಸರಿದೂಗಿಸುತ್ತಾರೆ. ಅದೇ ದುಡ್ಡಿನಲ್ಲಿ ಹಗಲಿಗೆ ಮಾತ್ರ ಆಯಾ ಇಟ್ಟು ರಾತ್ರಿ ಮನೆಯವರು ಸರದಿಯಲ್ಲಿ ನೋಡಿಕೊಳ್ಳುವುದು ವಾಸಿ.

ಆದಾಯ ತೆರಿಗೆ ಕಾಯ್ದೆಯಡಿ ಧರ್ಮಾರ್ಥ ಸಂಸ್ಥೆಯೆಂದು ನೋಂದಾಯಿಸಿದ ವೃದ್ಧಾಶ್ರಮ 60 ದಾಟಿದವರಿಂದ ತಿಂಗಳಿಗೆ 25,000 ರೂಪಾಯಿವರೆಗೆ ಪಡೆದರೆ ಅದಕ್ಕೆ ಜಿಎಸ್‌ಟಿ ಇಲ್ಲ. ಬಿಲ್ಲಿನಲ್ಲಿ ತೆರಿಗೆ ಹಾಕಿದ್ದರೆ ನೋಂದಣಿ ಯಾವುದು ಎಂದು ಕೇಳಿ. ಸೇರಿಸುವಾಗ ಕೊಡುವ ದೊಡ್ಡ ಮೊತ್ತಕ್ಕೆ ರಸೀದಿಯಲ್ಲಿ 'ದೇಣಿಗೆ' ಎಂದು ಬರೆದರೆ ಅದು ವಾಪಸ್ ಬರುವುದಿಲ್ಲ, 'ಠೇವಣಿ' ಎಂದು ಬರೆದರೆ ಬರುತ್ತದೆ. ಬಿಟ್ಟುಹೋದರೆ ಎಷ್ಟು ದಿನಕ್ಕೆ, ಎಷ್ಟು ಹಿಡಿದುಕೊಂಡು ಕೊಡುತ್ತಾರೆ, ತಿಂಗಳ ನಡುವೆ ತೀರಿಕೊಂಡರೆ ಉಳಿದ ದಿನದ ದುಡ್ಡು ಏನಾಗುತ್ತದೆ, ಇವು ಕರಾರಿನಲ್ಲಿರಲಿ. ಪಿಂಚಣಿಯ ಪಾಸ್‌ಬುಕ್, ಎಟಿಎಂ ಕಾರ್ಡ್ ಆಶ್ರಮದವರ ಕೈಗೆ ಬೇಡ. ಆಧಾರ್‌ನ ನಕಲು ಸಾಕು.

ಅಣ್ಣತಮ್ಮಂದಿರಲ್ಲಿ ಯಾರು ಎಷ್ಟು ಕೊಡಬೇಕೆಂಬ ಜಗಳ ಬಗೆಹರಿಯದಿದ್ದರೆ 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯಡಿ ಅಮ್ಮನೇ ಉಪವಿಭಾಗಾಧಿಕಾರಿಯ ಮುಂದೆ ಅರ್ಜಿ ಹಾಕಬಹುದು. ತುಮಕೂರು ಜಿಲ್ಲೆಯವರಿಗೆ ತುಮಕೂರು, ತಿಪಟೂರು, ಮಧುಗಿರಿಯಲ್ಲಿ ಆ ಕಚೇರಿಗಳಿವೆ. ನೋಡಿಕೊಳ್ಳುತ್ತೇವೆಂಬ ಷರತ್ತಿನ ಮೇಲೆ ಜಮೀನು ಬರೆಸಿಕೊಂಡು ಕೈಬಿಟ್ಟವರ ದಾನಪತ್ರ ರದ್ದಾಗುವುದು ಇದೇ ಕಾಯ್ದೆಯ 23ನೇ ಕಲಮಿನಡಿ. ಹಾಗಾಗಿ ಆ ಷರತ್ತು ಪತ್ರದಲ್ಲೇ ಬರೆದಿರಬೇಕು.

ಮೊದಲ ತಿಂಗಳು

ವರ್ಷದ ದುಡ್ಡು ಒಟ್ಟಿಗೆ ಕಟ್ಟಬೇಡಿ, ರಿಯಾಯಿತಿ ಕೊಟ್ಟರೂ ಬೇಡ. ಒಂದು ತಿಂಗಳು ಪ್ರಯೋಗಕ್ಕೆ ಎಂದು ಬರೆಸಿಕೊಳ್ಳಿ. ಸೇರಿಸುವ ದಿನ ಅವರ ತಕ್ಕಡಿಯಲ್ಲೇ ತೂಕ ನೋಡಿ, ಹಿಮ್ಮಡಿ ಮತ್ತು ಬೆನ್ನ ಬುಡದ ಫೋಟೋ ತೆಗೆದು ದಿನಾಂಕ ಹಾಕಿ, ಇಬ್ಬರೂ ಸಹಿ ಮಾಡಿ. ಆಮೇಲೆ ಹುಣ್ಣು ಮೊದಲೇ ಇತ್ತು, ಇರಲಿಲ್ಲ ಎಂಬ ವಾದ ಬರುವುದಿಲ್ಲ. ಮೊದಲ ವಾರ ಅವರು ಅಳುವುದು, 'ಮನೆಗೆ ಕರಕೊಂಡು ಹೋಗು' ಎನ್ನುವುದು ಎಲ್ಲೆಡೆ ಇದ್ದದ್ದೇ, ಅದೊಂದನ್ನೇ ನೋಡಿ ತೀರ್ಮಾನಿಸಬೇಡಿ. ಮೂರನೇ ವಾರ ಒಂದು ಸಂಜೆ ಏಳರ ಮೇಲೆ ಹೋಗಿ. ಉಗುರು ಕತ್ತರಿಸಿದೆಯೇ, ಹಲ್ಲಿನ ಸೆಟ್ಟು ತೊಳೆದಿದೆಯೇ, ಕನ್ನಡಕ ಅವರದೇ ಆಗಿದೆಯೇ, ನೀರಿನ ಲೋಟ ಕೈಗೆಟಕುವಂತಿದೆಯೇ, ಆಯಾ ಅವರನ್ನು ಹೆಸರು ಹಿಡಿದು ಕರೆಯುತ್ತಾಳೋ, 'ಏಯ್ ಮುದುಕಿ' ಎನ್ನುತ್ತಾಳೋ ನೋಡಿ. ತಿಂಗಳ ಕೊನೆಗೆ ಮತ್ತೆ ಅದೇ ತಕ್ಕಡಿ, ಅದೇ ಜಾಗಗಳ ಫೋಟೋ. ತೂಕ ಎರಡು ಕಿಲೋಗಿಂತ ಹೆಚ್ಚು ಇಳಿದಿದ್ದರೆ, ಹೊಸ ಹುಣ್ಣು ಕಂಡರೆ, ಇಲ್ಲವೇ ಹಗಲೆಲ್ಲ ಮಂಪರಿನಲ್ಲಿದ್ದರೆ ಕಾರಣ ಕೇಳಿ, ವೈದ್ಯರಿಗೆ ತೋರಿಸಿ. ಸಮಾಧಾನವಾಗದಿದ್ದರೆ ಎರಡನೇ ತಿಂಗಳ ದುಡ್ಡು ಕಟ್ಟುವ ಮುಂಚೆ ಪಟ್ಟಿಯಲ್ಲಿದ್ದ ಎರಡನೇ ಜಾಗಕ್ಕೆ ಫೋನ್ ಮಾಡಿ.